ಪ್ರತಿಕ್ರಿಯೆ: ಮಂಡಿ ನೋವಿರುವ ಅಮ್ಮನ ಜೊತೆ ಗಿಮ್ಮೆಲ್‌ವಾಲ್ಡ್‌ನಲ್ಲಿ ಉಳಿಯಬಹುದಾ?

ಸ್ವಿಟ್ಜರ್‌ಲೆಂಡಿನ ಗಿಮ್ಮೆಲ್‌ವಾಲ್ಡ್‌ನಲ್ಲಿ ಎರಡು ದಿನ ಉಳಿಯಬಹುದಾ, ಅಮ್ಮನಿಗೆ ಮಂಡಿ ನೋವಿದೆ ಅಂತ ಕೇಳಿದ್ದೀರಿ. ಖಂಡಿತ ಹೋಗಿ, ಆದರೆ ರೂಮ್ ಮಾತ್ರ ಮೇಲಿನ ಮ್ಯೂರೆನ್‌ನಲ್ಲಿ ಮಾಡಿ. ಎರಡೂ ಊರಲ್ಲಿ ಪ್ರವಾಸಿಗರ ಕಾರು ಇಲ್ಲ. ಗಿಮ್ಮೆಲ್‌ವಾಲ್ಡ್‌ನಲ್ಲಿ ಎಲ್ಲಿಗೆ ಹೋದರೂ ಇಳಿಜಾರು. ಮ್ಯೂರೆನ್‌ನ ಮುಖ್ಯ ಬೀದಿ ಹೆಚ್ಚು ಕಡಿಮೆ ಸಮತಟ್ಟು, ಅಂಗಡಿಯೂ ಹತ್ತಿರ.

ಕೆಳಗೆ ಕಣಿವೆಯಲ್ಲಿರುವ ಲೌಟರ್‌ಬ್ರುನೆನ್ ಊರಿನಿಂದ ಕೇಬಲ್ ಕಾರಲ್ಲಿ ಗ್ರುಟ್ಶ್‌ಆಲ್ಪ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಮ್ಯೂರೆನ್‌ಗೆ 1891ರಿಂದ ಓಡುತ್ತಿರುವ ಪುಟ್ಟ ರೈಲು ಹಿಡಿಯಿರಿ. ಎಡಗಡೆ ಕೂರಿ, ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಶಿಖರ ಆ ಕಡೆಯೇ ಕಾಣುತ್ತವೆ.

ಮ್ಯೂರೆನ್‌ನಿಂದ ಗಿಮ್ಮೆಲ್‌ವಾಲ್ಡ್‌ಗೆ ಇಳಿದು ನಡೆಯೋಕೆ ಅರ್ಧ ಗಂಟೆ ಸಾಕು ಅಂತಾರೆ, ಆದರೆ ಸುಮಾರು 275 ಮೀಟರ್ ಇಳಿಯಬೇಕು, ಮಂಡಿಗೆ ಹತ್ತೋದಕ್ಕಿಂತ ಇಳಿಯೋದೇ ಜಾಸ್ತಿ ಕಷ್ಟ ಅಲ್ವಾ, ಅದಕ್ಕೆ ಅಮ್ಮನ್ನ ಕೇಬಲ್ ಕಾರಲ್ಲೇ ಕರ್ಕೊಂಡು ಹೋಗಿ. ಅಲ್ಲಿ ಸುಮ್ನೆ ಒಂದು ಬೆಂಚಲ್ಲಿ ಕೂರಿ. ಬಿಸಿಲಿಗೆ ಕಪ್ಪಾದ ಮರದ ಮನೆಗಳು, ಗೋಡೆಗೆ ಒತ್ತಾಗಿ ಜೋಡಿಸಿದ ಸೌದೆ, ಹಸುಗಳ ಗಂಟೆ ಸದ್ದು. ಬೇಸಿಗೆಯಲ್ಲಿ ಆ ಕಡಿದಾದ ಇಳಿಜಾರಲ್ಲಿ ಮನೆಯವರೆಲ್ಲ ಸೇರಿ ಹುಲ್ಲು ಕೊಯ್ಯುತ್ತಾರೆ. ಅದು ಅವರ ಹಸುಗಳ ಚಳಿಗಾಲದ ಮೇವು, ದಯವಿಟ್ಟು ಫೋಟೋಗೆ ಅಂತ ಹುಲ್ಲಿನೊಳಗೆ ಕಾಲಿಡಬೇಡಿ.

ಎದುರು ಸಿಕ್ಕವರಿಗೆ 'ಗ್ರೂಯೆಸ್ಸೆಖ್' ಅನ್ನಿ, ಬರ್ನ್ ಕಡೆಯ ನಮಸ್ಕಾರ ಅದು. ಸಸ್ಯಾಹಾರಿಗಳಾದರೆ ಆಲೂಗಡ್ಡೆಯ ರೋಸ್ಟಿ ತಿನ್ನಿ, 'ಓನೆ ಸ್ಪೆಕ್' (ಹಂದಿಮಾಂಸ ಇಲ್ಲದೆ) ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಹಂದಿಮಾಂಸ ಹಾಕಿರಬಹುದು.