ಕುಂಬಳೆಯ ಬಂಕಿನಲ್ಲಿ ಹೈಡ್ರೋಜನ್ ಪಂಪ್ ಹಾಕಬಹುದೇ?

ಪ್ರಶ್ನೆ: ಕುಂಬಳೆ ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರ ಬದಿ ನಮ್ಮ ಡೀಸೆಲ್ ಬಂಕ್ ಇದೆ, ಹಿಂದುಗಡೆ ಅರ್ಧ ಎಕರೆ ಖಾಲಿ. ಕೊಚ್ಚಿಗೆ ಹೋಗಿಬರುವ ಹತ್ತು ಲಾರಿಗಳೂ ನಮ್ಮವೇ. ಬೋರ್‌ವೆಲ್ ನೀರಿನಿಂದ ಹೈಡ್ರೋಜನ್ ತಯಾರಿಸಿ ಅಲ್ಲೇ ತುಂಬಿಸಲು ಆಗುತ್ತದೆಯೇ?
– ಓದುಗರು, ಕಾಸರಗೋಡು ಜಿಲ್ಲೆ

ಉತ್ತರ: ತುಂಬಿಸಬಹುದು. ತಯಾರಿಸುವ ಆಸೆ ಸದ್ಯಕ್ಕೆ ಬಿಡಿ.

40 ಟನ್ನಿನ ಫ್ಯೂಯೆಲ್ ಸೆಲ್ (ಹೈಡ್ರೋಜನ್ನಿನಿಂದ ಕರೆಂಟ್ ತೆಗೆಯುವ ಕೋಶ) ಲಾರಿ 100 ಕಿ.ಮೀ.ಗೆ ಸುಮಾರು 8 ಕೆ.ಜಿ. ಹೈಡ್ರೋಜನ್ ಕುಡಿಯುತ್ತದೆ. ಕೊಚ್ಚಿಗೆ ಹೋಗಿಬರಲು 60 ಕೆ.ಜಿ. ಹಿಡಿಯಿರಿ. ದಿನಕ್ಕೆ ಐದು ಲಾರಿ ಹೊರಟರೆ 300 ಕೆ.ಜಿ. ಒಂದು ಕೆ.ಜಿ.ಗೆ ಎಲೆಕ್ಟ್ರೊಲೈಸರ್ (ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ತೆಗೆಯುವ ಯಂತ್ರ) 50ರಿಂದ 55 ಯೂನಿಟ್ ಕರೆಂಟ್ ಎಳೆಯುತ್ತದೆ, ಅಂದರೆ ದಿನಕ್ಕೆ 15,000ದಿಂದ 16,500 ಯೂನಿಟ್. ಸೋಲಾರಿನಿಂದಲೇ ಎಂದರೆ 4 ಮೆಗಾವಾಟ್, ಹದಿನೈದು ಎಕರೆಯಷ್ಟು ಜಾಗ. ಆಟಿ ಮಳೆಯಲ್ಲಿ ಅದೂ ಸಾಲದು. ಮಾಮೂಲಿ ಗ್ರಿಡ್ ಕರೆಂಟ್ ಬಳಸಿದರೆ 100 ಕಿ.ಮೀ.ಗೆ 300 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಹೋಗುತ್ತದೆ. ಡೀಸೆಲ್ ಲಾರಿ ಬಿಡುವುದು ಸುಮಾರು 80! ನೀರಿನ ಪ್ರಮಾಣ ದೊಡ್ಡ ವಿಷಯವಲ್ಲ, ಕೆ.ಜಿ.ಗೆ ಲೆಕ್ಕದ ಪ್ರಕಾರ 9 ಲೀಟರ್, ಶುದ್ಧೀಕರಣದ ನಷ್ಟ ಸೇರಿ ಅದರ ದುಪ್ಪಟ್ಟು. ಆದರೆ ಕರಾವಳಿಯ ಬೋರ್‌ವೆಲ್ಲಿಗೆ ಉಪ್ಪು ನುಗ್ಗಿದ್ದರೆ ಕ್ಲೋರೈಡ್ ಯಂತ್ರವನ್ನು ತಿನ್ನುತ್ತದೆ. ಆರ್‌ಓ ಒಂದರಿಂದಲೇ ಆಗದು, ಅದರ ಮೇಲೆ ಅಯಾನು ತೆಗೆಯುವ ಘಟಕವೂ ಬೇಕು.

ಹಾಗಾಗಿ ಉದ್ದ ಸಿಲಿಂಡರುಗಳನ್ನು ಹೊತ್ತ ಟ್ಯೂಬ್ ಟ್ರೈಲರಿನಲ್ಲಿ ತರಿಸಿ. 200 ಬಾರ್ (ಒಂದು ಬಾರ್ ಎಂದರೆ ಸುಮಾರು ವಾತಾವರಣದ ಒತ್ತಡದಷ್ಟು) ಒತ್ತಡದ ಉಕ್ಕಿನ ಟ್ರೈಲರ್ ಹೊರುವುದು ಬರೀ 300 ಕೆ.ಜಿ. ಆಸುಪಾಸು, ತಳದಲ್ಲಿ ಒಂದಿಷ್ಟು ಉಳಿದೇ ವಾಪಸ್ ಹೋಗುತ್ತದೆ. ಅರ್ಧ ಎಕರೆಯಲ್ಲಿ ಎರಡು ಟ್ರೈಲರ್ ನಿಲ್ಲುವ, ತಿರುಗುವ ಜಾಗವನ್ನು ಮೊದಲು ಗುರುತು ಹಾಕಿ, ಆ ನಕ್ಷೆಯನ್ನೇ ಪೆಸೊ (ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಅನುಮತಿಗೆ ಒಯ್ಯಿರಿ.

ಕೆಡುವುದು ಹೆಚ್ಚಾಗಿ ಕಂಪ್ರೆಸರ್. ಅದರೊಳಗೆ ಅನಿಲವನ್ನು ಒತ್ತುವ ತೆಳು ಹಾಳೆ, ಡಯಾಫ್ರಮ್, ಬಿರುಕು ಬಿಟ್ಟರೆ ಬಂಕೇ ಬಂದ್. ದೊಡ್ಡದು ಒಂದರ ಬದಲು ಚಿಕ್ಕವು ಎರಡು ಇಡಿ. ಶೇಖರಣಾ ಸಿಲಿಂಡರುಗಳನ್ನು ಕಡಿಮೆ, ಮಧ್ಯಮ, ಹೆಚ್ಚು ಒತ್ತಡದ ಮೂರು ಗುಂಪು ಮಾಡಿ, ಅದೇ ಸರದಿಯಲ್ಲಿ ಲಾರಿಗೆ ತುಂಬಿಸಬೇಕು. ಹೆಚ್ಚಿನದು ಬರಿದಾದರೆ ಮೂರನೆಯ ಲಾರಿ ಕಾಯುತ್ತ ನಿಲ್ಲಬೇಕಾಗುತ್ತದೆ.

ಸಿಎನ್‌ಜಿ ಕಂಡವರು ಇಲ್ಲೊಂದು ಕಡೆ ಎಡವುತ್ತಾರೆ. ಸಿಎನ್‌ಜಿ ಕವಾಟ ದಾಟಿ ಹಿಗ್ಗಿದಾಗ ತಣ್ಣಗಾಗುತ್ತದೆ, ಹೈಡ್ರೋಜನ್ ಬಿಸಿಯೇರುತ್ತದೆ. ಟ್ಯಾಂಕಿನೊಳಗೆ ಒತ್ತಲ್ಪಟ್ಟು ಮತ್ತೂ ಕಾಯುತ್ತದೆ, 85 ಡಿಗ್ರಿ ದಾಟಬಾರದು. ಆದ್ದರಿಂದ 700 ಬಾರಿಗೆ ಬೇಗ ತುಂಬಿಸಬೇಕಾದರೆ ಅನಿಲವನ್ನು ಮೈನಸ್ 40 ಡಿಗ್ರಿವರೆಗೆ ತಂಪು ಮಾಡುತ್ತಾರೆ. ನಮ್ಮ ಜೂನ್-ಜುಲೈ ತಿಂಗಳ ಹಸಿ ಗಾಳಿಯಲ್ಲಿ ಆ ನಾಜಲ್ ಮೇಲೆ ಮಂಜು ಕಟ್ಟಿ ಲಾರಿಯ ಬಾಯಿಗೇ ಅಂಟಿಕೊಳ್ಳುತ್ತದೆ. ಬಲವಂತದಿಂದ ಎಳೆದರೆ ಸೀಲ್ ಹರಿಯುತ್ತದೆ. ನಾಜಲ್ಲಿಗೆ ಒಣ ಸಾರಜನಕ ಊದುವ ಏರ್ಪಾಡು ಇರುವ ಯಂತ್ರವನ್ನೇ ಕೇಳಿ. ನಿಮ್ಮವೇ ಲಾರಿಗಳಾದ್ದರಿಂದ 350 ಬಾರಿನ ಟ್ಯಾಂಕ್ ಆರಿಸಿ ರಾತ್ರಿ ನಿಧಾನವಾಗಿ ತುಂಬಿಸಿದರೆ ಈ ತಂಪಿನ ಗೋಳು ಬಹುಪಾಲು ತಪ್ಪುತ್ತದೆ.

ಈಗಿನ ಬಂಕಿನ ಚಾವಣಿಯಡಿ ಪಂಪ್ ಬೇಡ. ಸೋರಿದ ಹೈಡ್ರೋಜನ್ ಮೇಲೇರಿ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಗಾಳಿಯಲ್ಲಿ ಶೇ 4 ಇದ್ದರೂ ಹೊತ್ತಿಕೊಳ್ಳುತ್ತದೆ. ಹಗಲಲ್ಲಿ ಆ ಜ್ವಾಲೆ ಕಣ್ಣಿಗೆ ಬೀಳುವುದಿಲ್ಲ. ಜ್ವಾಲೆ ಪತ್ತೆಯ ಸೆನ್ಸರ್ ಬರುವ ಮೊದಲು ಕೆಲಸಗಾರರು ಹಿಡಿಸೂಡಿಯಂಥದ್ದನ್ನು ಮುಂದೆ ಚಾಚಿಕೊಂಡು ನಡೆಯುತ್ತಿದ್ದರು, ತುದಿ ಹೊತ್ತಿದರೆ ಅಲ್ಲೇ ಬೆಂಕಿ!

ಕೊನೆಯದಾಗಿ ಕೊಚ್ಚಿ. ಕೇಂದ್ರ ಸರ್ಕಾರ 2025ರ ಮಾರ್ಚ್‌ನಲ್ಲಿ ಮಂಜೂರು ಮಾಡಿದ ಪ್ರಾಯೋಗಿಕ ಹೈಡ್ರೋಜನ್ ಮಾರ್ಗಗಳಲ್ಲಿ ತಿರುವನಂತಪುರ–ಕೊಚ್ಚಿಯೂ ಇದೆ. ಅಲ್ಲಿ ನಿಮ್ಮ ಲಾರಿಗೂ ತುಂಬಿಸಲು ಒಪ್ಪುತ್ತಾರೆಯೇ ಎಂದು ಯಂತ್ರ ಕೊಳ್ಳುವ ಮೊದಲೇ ವಿಚಾರಿಸಿ. ಸಿಕ್ಕರೆ ಕುಂಬಳೆಯ ದಿನದ ಅಗತ್ಯ 150 ಕೆ.ಜಿ.ಗೆ ಇಳಿಯುತ್ತದೆ, ಲಾರಿಯ ಟ್ಯಾಂಕೂ 2,500 ಲೀಟರಿನ ಬದಲು 1,250 ಲೀಟರಿನದು ಸಾಕು.