ಮೊದಲು ಆ ಇಟ್ಟಿಗೆ ಬಿಚ್ಚಿ

ಅಣ್ಣ, ಹಸು ಕರು ಹಾಕಿ 14 ಗಂಟೆ ಆದ್ರೂ ಮಾಸು (ಕರುವಿನ ಹಿಂದೆ ಬೀಳೋ ಪೊರೆ) ಬಿದ್ದಿಲ್ಲ ಅಂತ, ಭಾರಕ್ಕೆ ಎಳೆದು ಬೀಳಲಿ ಅಂತ ನೇತಾಡೋ ಮಾಸಿಗೆ ಇಟ್ಟಿಗೆ ಕಟ್ಟಿರೋ ಫೋಟೋ ಹಾಕಿದೀರಲ್ಲ, ಮೊದಲು ಅದನ್ನ ಬಿಚ್ಚಿ. ನಾನೂ ಒಮ್ಮೆ ಮಾಡಿದ ತಪ್ಪೇ ಇದು, ಅದಕ್ಕೇ ಉದ್ದಕ್ಕೆ ಬರೀತಿದೀನಿ.

ಹಸುವಿನ ಮಾಸು ಒಂದೇ ಕಡೆ ಅಂಟಿರಲ್ಲ. ಗರ್ಭಕೋಶದ ಒಳಗೋಡೆಯಲ್ಲಿ 75ರಿಂದ 120 ಗಂಟುಗಳಿರ್ತವೆ. ಒಂದೊಂದಕ್ಕೂ ಮಾಸು ಗುಂಡಿ ಹಾಕಿದ ಹಾಗೆ ಕಚ್ಚಿಕೊಂಡಿರುತ್ತೆ. ಅದನ್ನ ಬಿಡಿಸೋದು ಭಾರ ಅಲ್ಲ. ರಕ್ತದ ಬಿಳಿ ಕಣಗಳು ಬಂದು ಆ ಅಂಟು ಕರಗಿಸಬೇಕು, ಆಮೇಲೆ ಗರ್ಭಕೋಶ ಹಿಂಡಿ ಆಚೆ ತಳ್ಳುತ್ತೆ. ಅಷ್ಟರೊಳಗೆ ಎಳೆದ್ರೆ ಗಂಟಿಗೇ ಗಾಯ, ರಕ್ತಸ್ರಾವ. ಮಾಸು ಹರಿದು ಚೂರು ಒಳಗೇ ಉಳಿದು ಕೀವಾಗುತ್ತೆ. ಮುಂದೆ ಬೆದೆಗೆ ಬಂದ್ರೂ ಗಬ್ಬ ನಿಲ್ಲಲ್ಲ. ಕೈ ಹಾಕಿ ಬಿಡಿಸ್ತೀನಿ ಅನ್ನೋರನ್ನೂ ಕೊಟ್ಟಿಗೆಗೆ ಬಿಡಬೇಡಿ, ದಯವಿಟ್ಟು!

ನೇತಾಡೋದು ನೆಲಕ್ಕೆ ತಾಗ್ತಿದ್ರೆ ಹಿಂಗಾಲಿನ ಕೀಲಿನ ಮಟ್ಟಕ್ಕೆ ಕತ್ತರಿಸಿ, ಪೂರ್ತಿ ಮೇಲಕ್ಕೆ ಬೇಡ. ಹತ್ತು ದಿನ ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಡಿ. ನಾತ ಬಂತು ಅಂತ ಹೆದರಬೇಡಿ, ಕೊಳೆಯೋ ಮಾಸು ನಾರಿಯೇ ನಾರುತ್ತೆ. ಆದರೆ 103 ಡಿಗ್ರಿ ದಾಟಿದ್ರೆ, ಮೇವು ಬಿಟ್ರೆ, ಹಾಲು ಇಳಿದ್ರೆ ಅದೇ ದಿನ ಡಾಕ್ಟರನ್ನ ಕರೀರಿ. ಆಂಟಿಬಯಾಟಿಕ್ ಸೂಜಿ ಆಗ ಬೇಕು, ಆ ಔಷಧಿಯ ಅಂಶ ಹಾಲಲ್ಲಿ ಬರೋ ಅವಧಿ ಮುಗಿಯೋವರೆಗೂ ಹಾಲು ಡೇರಿಗೆ ಹಾಕಬೇಡಿ. ಜ್ವರ ಇಲ್ಲದೆ ಮೇಯ್ತಿದ್ರೆ ಸಾಮಾನ್ಯವಾಗಿ 5ರಿಂದ 10 ದಿನದಲ್ಲಿ ತಾನೇ ಬೀಳುತ್ತೆ.

ಎಕ್ಸಾಪಾರ್, ಯುಟೆರೋಟೋನ್ ಅನ್ನೋ ಗಿಡಮೂಲಿಕೆ ಟಾನಿಕ್ ಕುಡಿಸೋರು ಕುಡಿಸಲಿ, ಆ ಗಂಟು ಸಡಿಲಿಸೋ ಔಷಧಿ ಅಂತ ಮಾತ್ರ ನಾನು ನಂಬಲ್ಲ. ಗರ್ಭಕೋಶ ಹಿಂಡಿಸೋ ಹಾರ್ಮೋನ್ ಆಕ್ಸಿಟೋಸಿನ್ ಸೂಜಿ ಅಂತೂ ಕರು ಹಾಕಿದ ಮೊದಲ ಕೆಲವು ಗಂಟೆಗಷ್ಟೇ. ಅದಕ್ಕಿಂತ ಮುಂದಿನ ಸಲ ಕರು ಹುಟ್ಟಿದ ಒಂದು ಗಂಟೆಯೊಳಗೆ ಅದನ್ನ ಗಿಣ್ಣುಹಾಲಿಗೆ ಬಿಡಿ, ಕೆಚ್ಚಲು ಚೀಪಿದಾಗ ಅದೇ ಆಕ್ಸಿಟೋಸಿನ್ ಹಸುವಿನ ಮೈಯಲ್ಲೇ ಬರುತ್ತೆ.

ಅವಳಿ ಕರು, ಕಷ್ಟದ ಹೆರಿಗೆ, ಕ್ಯಾಲ್ಸಿಯಂ ಅಥವಾ ಸೆಲೆನಿಯಂ ಕೊರತೆ ಇದ್ರೆ ಮಾಸು ನಿಲ್ಲೋದು ಹೆಚ್ಚು. ಹಾಗಂತ ಗಬ್ಬದ ಕೊನೆ ಮೂರು ವಾರ ಕ್ಯಾಲ್ಸಿಯಂ ಬಾಟಲಿ ಸುರೀಬೇಡಿ, ಎಲುಬಿಂದ ಕ್ಯಾಲ್ಸಿಯಂ ತೆಗೆಯೋ ಕೆಲಸ ಹಸುವಿನ ಮೈ ಮರೆತು, ಕರು ಹಾಕಿದಾಗ ಹಾಲುಜ್ವರ (ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯೋದು) ಬರಬಹುದು.

ಏಳೆಂಟು ತಿಂಗಳಿಗೇ ಕಂದು ಹಾಕಿ ಮಾಸು ನಿಂತಿದ್ರೆ ಕಂದುರೋಗ (ಬ್ರುಸೆಲ್ಲೋಸಿಸ್) ಇರಬಹುದು, ಅದು ಮನುಷ್ಯರಿಗೂ ಅಂಟುತ್ತೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ರಕ್ತಪರೀಕ್ಷೆ ಮಾಡಿಸಿ. ಮಾಸನ್ನ ನಾಯಿ ಎಳೆಯದ ಹಾಗೆ ಸುಣ್ಣ ಹಾಕಿ ಆಳಕ್ಕೆ ಹೂತುಬಿಡಿ. ಹೆಣ್ಣುಗರುಗಳಿಗೆ 4ರಿಂದ 8 ತಿಂಗಳೊಳಗೆ ಇದರ ಲಸಿಕೆ ಹಾಕಿಸಿ.

ಈ ಹಸುಗೆ ಕರು ಹಾಕಿ 60 ದಿನ ಕಳೆಯದೆ ಗಬ್ಬದ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಬೇಡಿ. ಬೆದೆಯ ಲೋಳೆ ಗಾಜಿನಷ್ಟು ತಿಳಿಯಾಗಿರಬೇಕು. ಅದರಲ್ಲಿ ಬಿಳಿ ಎಳೆ ಕಂಡ್ರೆ ಆ ಬೆದೆ ಬಿಟ್ಟು ಮೊದಲು ಚಿಕಿತ್ಸೆ ಮಾಡಿಸಿ.