20240315 ಅನ್ನು ‘15 ಮಾರ್ಚ್ 2024’ ಮಾಡೋದು ಹೇಗೆ?

ಪ್ರಶ್ನೆ: ನಮ್ಮ ಹಳೆಯ ಬಿಲ್ಲಿಂಗ್ ಟೇಬಲ್‌ನಲ್ಲಿ ತಾರೀಖು 20240315 ಅಂತ ಇಂಟೀಜರ್ ಆಗಿದೆ. ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನಲ್ಲಿ ಡೇಟ್‌ಟೈಮ್‌ಗೆ (ತಾರೀಖು-ಸಮಯದ ಟೈಪ್) ಕನ್ವರ್ಟ್ ಮಾಡಿದರೆ ‘ಓವರ್‌ಫ್ಲೋ’ (ಮಿತಿ ಮೀರಿದೆ) ಎರರ್ ಬರುತ್ತದೆ. ರಿಪೋರ್ಟ್‌ನಲ್ಲಿ ಜನ ಓದುವ ಹಾಗೆ ತೋರಿಸೋದು ಹೇಗೆ ಸರ್?

ಉತ್ತರ: ನಿಮ್ಮ ಕಣ್ಣಿಗೆ ಅದು ತಾರೀಖು, ಸರ್ವರ್‌ಗೆ ಬರೀ ಸಂಖ್ಯೆ. ಡೇಟ್‌ಟೈಮ್‌ಗೆ ಇಂಟೀಜರ್ ಕೊಟ್ಟರೆ ಅದನ್ನು 1900ರ ಜನವರಿ 1ರಿಂದ ಎಷ್ಟು ದಿನ ಅಂತ ಎಣಿಸುತ್ತದೆ. ಎರಡು ಕೋಟಿ ದಿನ ಅಂದರೆ 55 ಸಾವಿರ ವರ್ಷ ಆಯ್ತಲ್ವಾ? ಅದರ ಲೆಕ್ಕ 9999ನೇ ಇಸವಿಗೇ ಮುಗಿಯುತ್ತದೆ, ಅದಕ್ಕೇ ಎರರ್.

ಮೊದಲು ಸಂಖ್ಯೆಯನ್ನು ಅಕ್ಷರ ಮಾಡಿ, ಆಮೇಲೆ ತಾರೀಖು ಮಾಡಿ:

ಟ್ರೈ_ಕನ್ವರ್ಟ್(ಡೇಟ್, ಕನ್ವರ್ಟ್(ಚಾರ್(8), ಬಿಲ್‌ಡೇಟ್), 112)

ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಬಿಲ್‌ಡೇಟ್ ಅಂದರೆ ನಿಮ್ಮ ತಾರೀಖಿನ ಕಾಲಂ, 112 ಅಂದರೆ ವರ್ಷ, ತಿಂಗಳು, ದಿನ ಒಟ್ಟಿಗೆ ಅಂಟಿಕೊಂಡಿರುವ ರೂಪ. ಬರೀ ಕನ್ವರ್ಟ್ ಬದಲು ಟ್ರೈ_ಕನ್ವರ್ಟ್ ಯಾಕೆ ಅಂದರೆ, ಹಳೆಯ ಟೇಬಲ್‌ಗಳಲ್ಲಿ ತಾರೀಖು ಗೊತ್ತಿಲ್ಲದ ಕಡೆ 0 ಅಥವಾ 99999999 ತುಂಬಿರುತ್ತಾರೆ, ಅಂಥ ಒಂದೇ ಒಂದು ಸಾಲು ಸಿಕ್ಕಿದರೂ ಇಡೀ ಕ್ವೆರಿ ನಿಂತುಹೋಗುತ್ತದೆ. ಟ್ರೈ ಇದ್ದರೆ ಆ ಸಾಲಿಗೆ ಮಾತ್ರ ನಲ್ (ಖಾಲಿ ಬೆಲೆ) ಬರುತ್ತದೆ. 2012ರ ಆವೃತ್ತಿಯಿಂದ ಇದು ಸಿಗುತ್ತದೆ.

ಈಗ ಸಿಕ್ಕಿದ್ದು ನಿಜವಾದ ತಾರೀಖು. ಅದನ್ನು ಕನ್ವರ್ಟ್‌ನಲ್ಲಿ ವಾರ್‌ಚಾರ್(11) ಮಾಡಿ 106 ಕೊಟ್ಟರೆ ‘15 ಮಾರ್ 2024’ ಅಂತ ಇಂಗ್ಲಿಷಲ್ಲಿ ಬರುತ್ತದೆ, 103 ಕೊಟ್ಟರೆ 15/03/2024. ತಿಂಗಳ ಹೆಸರು ಕನ್ನಡದಲ್ಲೇ ಬೇಕಾ? ಫಾರ್ಮ್ಯಾಟ್ ಫಂಕ್ಷನ್‌ಗೆ ಕೊನೆಯಲ್ಲಿ ‘ಕೆಎನ್-ಐಎನ್’ (ಕನ್ನಡ-ಭಾರತದ ಕೋಡ್) ಅಂತ ಕೊಡಿ. ಆದರೆ ಇದು ನಿಧಾನ, ಲಕ್ಷಗಟ್ಟಲೆ ಸಾಲು ಇದ್ದರೆ ನಾನಂತೂ ಬಳಸಲ್ಲ.

ಜನ ಜಾಸ್ತಿ ಎಡವೋದು ಇದರ ನಂತರ. ಸಾಲುಗಳನ್ನು ಆರಿಸುವ ವೇರ್‌ನಲ್ಲಿ ಈ ಪರಿವರ್ತನೆ ಹಾಕಬೇಡಿ. ಮಾರ್ಚ್ ಬಿಲ್‌ಗಳು ಬೇಕಿದ್ದರೆ ಬಿಲ್‌ಡೇಟ್ 20240301ರಿಂದ 20240331ರ ಒಳಗೆ ಅಂತ ಸಂಖ್ಯೆಯಲ್ಲೇ ಕೇಳಿ, ಆಗ ಆ ಕಾಲಂ ಮೇಲಿನ ಇಂಡೆಕ್ಸ್ (ಬೇಗ ಹುಡುಕುವ ಸೂಚಿ) ಕೆಲಸಕ್ಕೆ ಬರುತ್ತದೆ. ಇನ್ನೊಂದು, ಓದುವ ರೂಪದ ಕಾಲಂಗೂ ಬಿಲ್‌ಡೇಟ್ ಅಂತಲೇ ಹೆಸರಿಟ್ಟರೆ ಸಾರ್ಟ್ ಮಾಡುವ ಆರ್ಡರ್ ಬೈ ಹಿಡಿಯೋದು ಆ ಹೊಸ ಅಕ್ಷರದ ಕಾಲಂ ಅನ್ನೇ. ಆಗ ಏಪ್ರಿಲ್ 1ರ ಬಿಲ್ ಮಾರ್ಚ್ 15ರದಕ್ಕಿಂತ ಮೇಲೆ ಬಂದು ಕೂರುತ್ತದೆ, ಎರರ್ ಮಾತ್ರ ಬರಲ್ಲ. ಬಿಲ್‌ಡೇಟ್_ಓದಲು ಅಂತ ಬೇರೆ ಹೆಸರಿಡಿ, ಸಾರ್ಟ್ ಮಾಡೋದನ್ನು ಹಳೆಯ ಸಂಖ್ಯೆಗೇ ಬಿಡಿ.